ಅಟ್ಟಿಗ್ ಬಾ

ಕೋಲು ಹಿಡಿದು ಮುದ್ದೆ ತಿರುವಿ ತಿರುವಿ ದೊಡ್ಡವ್ವನ ಬಲಗೈ ಹೆಬ್ಬೆರಳು ಹೊರಕ್ಕೆ ಬಾಗಿಹೋಗಿತ್ತು. ಚರ್ಮ ಎಷ್ಟು ಒರಟಾಗಿತ್ತೆಂದರೆ ಮೊಬೈಲಿನ ಗಾಜಿಗೆ ಅದು ಬೆರಳೆಂದೇ ತಿಳಿಯುತ್ತಿರಲಿಲ್ಲ. "ನಿನ್ ಫೋನ್ಗೂ ನಾನು ಬ್ಯಾಡ್ವಾದೆ ಕಣ್ಲಾ" ಎಂದು ಅದನ್ನು ನನ್ನತ್ತ ತಳ್ಳುತ್ತಿದ್ದಳು.

ಕೆರಗೋಡಿನಲ್ಲಿ ಅವಳದು ನಮ್ಮ ಪಕ್ಕದ ಮನೆ. ನೆಂಟಸ್ತಿಕೆ ಏನೂ ಇಲ್ಲ. ನನಗೆ ಮಾತು ಕಲಿಸಿದವಳು, ಹಾಗಾಗಿ ದೊಡ್ಡವ್ವ.

ಅವಳ ಗಂಡ ದೊಡ್ಡಪ್ಪನಿಗೆ ಮರೆವು ಹತ್ತಿತ್ತು. ಮಕ್ಕಳ ಹೆಸರೂ ಹೋಗಿ, ಓದು ಮಾತ್ರ ಉಳಿದಿತ್ತು. ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದ. ಒಂದು ಬೆಳಿಗ್ಗೆ ಮಂಡ್ಯದ ಬಸ್ಸು ಹತ್ತಿದವನು ಹಿಂದಿರುಗಲಿಲ್ಲ.

ಠಾಣೆಗೆ ಹೇಳಿ ಬಂದ ಮೇಲೆ, ವಿಡಿಯೊ ಮಾಡಿ ಹಾಕೋಣವೆಂದೆ. ಮದುವೆ ವಿಡಿಯೊ ನನ್ನ ಕಸುಬು. ಈಗ ಜನ ಸದ್ದು ಹಾಕಿಕೊಂಡು ನೋಡುವುದಿಲ್ಲ. ಮಾತೆಲ್ಲ ಕೆಳಗೆ ಅಕ್ಷರವಾಗಿ ಬರಬೇಕು. ಅವಳು ಹೇಳಿದ್ದು ಇಷ್ಟೇ: "ಅಟ್ಟಿಗ್ ಬಾ. ಮುದ್ದೆ ಆರೋಯ್ತದೆ." ಅಟ್ಟಿ, ಅಂದರೆ ಹಟ್ಟಿ, ನಮ್ಮಲ್ಲಿ ಮನೆ.

ನನ್ನ ಬಳಿ ಎರಡು ಎಐ ಆ್ಯಪ್‌ಗಳಿದ್ದವು. ಮೊದಲನೆಯದು, "ಅಡಿಗೆ ಬಾ. ಮುದ್ದೆ ಹಾರಿಹೋಗುತ್ತದೆ" ಎಂದು ಬರೆಯಿತು. ಓದಿ ಹೇಳಿದೆ. ಆ ದುಃಖದಲ್ಲೂ ನಕ್ಕಳು. "ಮುದ್ದೆಗ್ ರೆಕ್ಕೆ ಬಂದ್ಬುಟ್ವೇನ್ಲಾ?"

ಎರಡನೆಯದು ಬಲು ಚೊಕ್ಕಟ. ಅವಳು ಮಾತಿನ ನಡುವೆ ನಿಂತ ಜಾಗವನ್ನೆಲ್ಲ ತಾನೇ ಕತ್ತರಿಸಿ, "ಮನೆಗೆ ಬನ್ನಿ. ಊಟ ತಣ್ಣಗಾಗುತ್ತಿದೆ" ಎಂದು ಬರೆದು, ಸಂಗೀತವನ್ನೂ ಸೇರಿಸಿತು. ನನಗೆ ಅದೇ ಹಿಡಿಸಿತ್ತು. ದೊಡ್ಡವ್ವ ಒಪ್ಪಲಿಲ್ಲ.

"ಇದ್ಯಾರ್ಲಾ, ಬ್ಯಾಂಕಿನ್ ಮೇಡಮ್ಮು? ಬನ್ನಿ ಅಂತ ನಾನ್ ಯಾವತ್ ಕರ್ದಿದ್ದೆ? ಇನ್ಯಾರ್ನೋ ಕರೀತಾವ್ರೆ ಅಂದ್ಕಂಡು ಸುಮ್ಕೆ ಕೂತ್ಕತಾನೆ. ನಾನ್ ಅಂದಂಗೇ ಬರಿ, ಮಗ."

ಎರಡನ್ನೂ ಬಿಟ್ಟೆ. ನಾನೇ ಒಂದೊಂದು ಅಕ್ಷರವನ್ನೂ ಒತ್ತಿ ಬರೆದೆ. ಅವಳು ನಿಂತ ಕಡೆ ವಿಡಿಯೊವೂ ನಿಂತಿತು. ಕೊನೆಯಲ್ಲಿ ದೊಡ್ಡಪ್ಪನ ಫೋಟೊ, ನನ್ನ ನಂಬರು.

ಮಾರನೆಯ ವಾರ ನಿಡಘಟ್ಟದಿಂದ ಫೋನು ಬಂತು. ಫೋನು ಮಾಡಿದವರು ಟೀ ಅಂಗಡಿಯ ಬೆಂಚಿನಲ್ಲಿ ಕೂತು ಆ ವಿಡಿಯೊ ನೋಡುತ್ತಿದ್ದರಂತೆ. ಪಕ್ಕದಲ್ಲಿದ್ದ ಮುದುಕ ಇಣುಕಿ, "ಅಟ್ಟಿಗ್ ಬಾ" ಎಂದು ಗಟ್ಟಿಯಾಗಿ ಓದಿದನಂತೆ. ಇನ್ನೊಮ್ಮೆ ಓದಿ, ಕುಡಿಯುತ್ತಿದ್ದ ಟೀ ಅಲ್ಲೇ ಇಟ್ಟು ಎದ್ದನಂತೆ. ಫೋಟೊ ಬರುವ ಹೊತ್ತಿಗೆ ರಸ್ತೆಗಿಳಿದಿದ್ದ. "ಕೂಗ್ತಾ ಓಡ್ದೆ ಸಾ. ಅಷ್ಟ್ರಲ್ಲಿ ಲಾರಿ..." ಎಂದರು.

ಶವಾಗಾರದ ಹೊರಗೆ ಅವಳಿಗೆ ಎಲ್ಲವನ್ನೂ ಹೇಳಿದೆ. ಅಳಲಿಲ್ಲ.

"ಯಾವ್ ಕಡೀಕ್ ಮೊಕ ಮಾಡಿದ್ದ?"

"ಮದ್ದೂರ್ ಕಡೀಕೆ, ದೊಡ್ಡವ್ವ. ನಮ್ಮೂರ್ ಕಡೀಕೇ."

"ಅಂಗಾರೆ ಅಟ್ಟಿಗೇ ಒಂಟಿದ್ದ."

ಮುಂದಿನ ಸುಗ್ಗಿ ಕಾಣದೆ ಅವಳೂ ಹೋದಳು. ಹಾಸಿಗೆ ಹಿಡಿದಿದ್ದಾಗ ಒಮ್ಮೆ, ಆ ವಿಡಿಯೊ ತೆಗೆದುಬಿಡಲೇ ಎಂದು ಕೇಳಿದ್ದೆ. ಬಾಗಿದ ಹೆಬ್ಬೆರಳಿನಿಂದ ಫೋನಿನ ಗಾಜನ್ನು ಸವರಿದಳು. ಎಂದಿನಂತೆ ಗಾಜಿಗೆ ಅವಳ ಬೆರಳು ತಿಳಿಯಲೇ ಇಲ್ಲ.

"ಬುಡು, ಇರ್ಲಿ ಕಣ್ಲಾ. ಅವ್ನು ಕೊನೇಗ್ ಓದಿದ್ದು ನನ್ ಮಾತು."