ಬೆಣ್ಣೆಗಾಲಿನ ಡ್ರೈವರು

ಡಿಪೋದಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವನು ಬೆಣ್ಣೆಗಾಲು. ಅವನು ಬ್ರೇಕು ಹಾಕಿದರೆ ಬಸ್ಸು ನಿಂತದ್ದೇ ತಿಳಿಯುತ್ತಿರಲಿಲ್ಲ. ತೂಕಡಿಸಿ ನಿಲ್ದಾಣ ತಪ್ಪಿಸಿಕೊಂಡವರು ಅವನನ್ನೇ ಬೈಯುತ್ತಿದ್ದರು. ಆ ಬಲಗಾಲೇ ಅವನ ಅನ್ನ. ಆದರೆ ಅದು ಮೊದಲಿಂದಲೂ ಬಾಗಿದ ಕಾಲು. ಈಚೆಗೆ ಮೊಣಕಾಲಿನ ಒಳಮಗ್ಗುಲು ಸವೆದು, ಬಸ್ಸಿನಿಂದ ಇಳಿಯುವಾಗ ಜೀವ ಬಾಯಿಗೆ ಬರುತ್ತಿತ್ತು.

"ಮೂಳೆ ಕತ್ತರಿಸಿ, ನೆಟ್ಟಗೆ ಮಾಡಿ, ಪ್ಲೇಟು ಹಾಕ್ತೀವಿ. ಮತ್ತೆ ಬಸ್ಸು ಓಡಿಸಬಹುದು" ಎಂದರು ಡಾಕ್ಟರು. "ಆದರೆ ಮೊಣಕಾಲಿನ ಹೊರಗಡೆ ಚರ್ಮದ ಕೆಳಗೇ ಒಂದು ನರ ಇದೆ. ಅದಕ್ಕೆ ಏಟಾದರೆ ಪಾದ ಮೇಲೇಳಲ್ಲ. ಅಪರೂಪ, ಆದರೂ ಆಗುತ್ತೆ. ಪಾದ ಜೋಮು ಹಿಡಿದರೆ ತಕ್ಷಣ ಹೇಳಿ."

"ಕೇಳಿಸ್ತೇನ್ರೀ?" ಎಂದಳು ಹೆಂಡತಿ.

"ಕೇಳಿಸ್ತು ಕಣೇ. ಆಪರೇಷನ್ನು ಕಾಲಿಗೆ, ಕಿವಿಗಲ್ಲ."

ಈ ಡ್ರೈವರುಗಳದ್ದೊಂದು ಹಾಳು ಚಾಳಿ ಇದೆ. ಗಾಡಿ ಹೊರಡುವ ಮುನ್ನ ಮೆಕ್ಯಾನಿಕ್ಕು "ಎಲ್ಲಾ ಸರಿನಾ?" ಎಂದು ಕೇಳುತ್ತಾನೆ. ತೊಂದರೆ ಇದೆಯೆಂದರೆ ಗಾಡಿ ಶೆಡ್ಡಿಗೆ, ಡ್ರೈವರು ಮನೆಗೆ, ಆ ದಿನದ ಕೂಲಿಗೆ ಎಳ್ಳುನೀರು. ಹಾಗಾಗಿ ಚಕ್ರ ಕಳಚಿ ಬೀಳುವವರೆಗೂ ಎಲ್ಲರೂ ಸರಿ ಎಂದೇ ಅನ್ನುತ್ತಾರೆ.

ಆಪರೇಷನ್ನಿನ ಮರುದಿನ ಬೆಳಿಗ್ಗೆ ಪಾದ ಜೋಮು ಹಿಡಿದಿತ್ತು, ಬಿಗಿಯಾದ ಕಟ್ಟಿನೊಳಗೆ ಉರಿಯುತ್ತಿತ್ತು. ಹೆಂಡತಿ ಕಾಫಿ ತರಲು ಹೋಗಿದ್ದಳು. ನರ್ಸು ಬಂದು, "ಬೆರಳು ಆಡಿಸಿ ನೋಡೋಣ" ಎಂದಳು. ಮೇಲೆತ್ತಲು ಹೋದ, ಬರಲಿಲ್ಲ. ಕೆಳಕ್ಕೆ ಮಡಚಲು ಬಂತು, ಮಡಚಿ ತೋರಿಸಿದ.

"ನೋವು, ಜೋಮು?"

"ಏನಿಲ್ಲ ಸಿಸ್ಟರ್, ಎಲ್ಲಾ ಸರಿ ಇದೆ."

ಮಾರನೆಯ ದಿನ ಡಾಕ್ಟರು ಪಾದ ಮುಟ್ಟಿ ನೋಡಿ, ಕಟ್ಟು ಬಿಚ್ಚಿದರು. "ಆಪರೇಷನ್ನಿನಲ್ಲೇ ನರ ಎಳೆದಿತ್ತೋ, ಕಟ್ಟು ಒತ್ತಿತೋ ಗೊತ್ತಿಲ್ಲ. ನಿನ್ನೆಯೇ ಹೇಳಿದ್ದರೆ ಸಡಿಲ ಮಾಡಿ ನೋಡಬಹುದಿತ್ತು."

"ಬಾಯಿಗೆ ಬೀಗ ಹಾಕಿಕೊಂಡಿದ್ರಾ?" ಎಂದಳು ಹೆಂಡತಿ.

"ಹೇಳಿದ್ರೆ ಮತ್ತೆ ಆಪರೇಷನ್ನಿಗೆ ಎಳ್ಕೊಂಡು ಹೋಗ್ತಾರೆ ಅಂತ ಹೆದರಿದೆ ಕಣೇ."

ಮೂಳೆ ಕೂಡಿತು. ಕಾಲು ನೆಟ್ಟಗಾಯಿತು, ಮೊಣಕಾಲು ನೋವೂ ಹೋಯಿತು. ಪಾದ ಮಾತ್ರ ಜೋತುಬಿತ್ತು. ನರಕ್ಕೆ ಕರೆಂಟು ಕೊಡಿಸಿದರು, ಪಾದಕ್ಕೆ ಪಟ್ಟಿ ಕಟ್ಟಿದರು, ಮಾತ್ರೆ ನುಂಗಿಸಿದರು. ವರ್ಷ ಕಳೆದ ಮೇಲೆ ಡಾಕ್ಟರು, "ಬರೋ ಹಾಗಿದ್ದರೆ ಇಷ್ಟು ಹೊತ್ತಿಗೆ ಬಂದಿರಬೇಕಿತ್ತು" ಎಂದರು. ಅವನು ನಂಬಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಡಿಪೋಗೆ ಹೋದ.

"ಅಣ್ಣ, ಅಂಗಳದಲ್ಲೇ ಒಂದು ಸುತ್ತು, ಅಷ್ಟೇ" ಎಂದು ಮೆಕ್ಯಾನಿಕ್ಕು ಕೀಲಿ ಕೊಟ್ಟು, ಖಾಲಿ ಬಸ್ಸಿನಲ್ಲಿ ಅವನ ಪಕ್ಕದಲ್ಲೇ ನಿಂತ. ಗಾಡಿ ಹೊರಟಾಗ ಬೆಣ್ಣೆಗಾಲಿನ ಮುಖ ಅರಳಿತು. ಎದುರಿಗೆ ಟೈರು ತೊಳೆಯುತ್ತಿದ್ದ ಹೆಂಗಸು ಬೆನ್ನು ತಿರುಗಿಸಿ ಕೂತಿದ್ದಳು. ಅವನು ಬ್ರೇಕು ಒತ್ತಲು ಪಾದ ಎತ್ತಿದ. ಎತ್ತಿದೆ ಅಂದುಕೊಂಡ. ಅದು ಆಕ್ಸಿಲರೇಟರಿನ ಮೇಲೇ ಹೆಣಭಾರವಾಗಿ ಬಿದ್ದಿತ್ತು. ಮೆಕ್ಯಾನಿಕ್ಕು ಹಾರಿ ಬಿದ್ದು ಹ್ಯಾಂಡ್‌ಬ್ರೇಕು ಎಳೆದ. ಬಸ್ಸು ಅವಳ ಬಕೆಟ್ಟನ್ನು ಅಪ್ಪಚ್ಚಿ ಮಾಡಿ ನಿಂತಿತು.

ಬಹಳ ಹೊತ್ತು ಅವನ ಕೈ ಸ್ಟೇರಿಂಗು ಬಿಡಲಿಲ್ಲ. ಆಮೇಲೆ ಕೀಲಿ ಕಿತ್ತು ಮೆಕ್ಯಾನಿಕ್ಕಿನ ಕೈಗೆ ಕೊಟ್ಟ.

"ಇನ್ನು ನಾನು ಬಂದು ಕಾಲು ಹಿಡಿದರೂ ಕೊಡಬೇಡ ಕಣಪ್ಪಾ."

ಇಳಿದು ಗೇಟಿನ ಕಡೆ ನಡೆದ. ಮೆಟ್ಟಿಲಲ್ಲೇ ಬಲಗಾಲಿನ ಚಪ್ಪಲಿ ಕಳಚಿ ಬಿದ್ದಿತ್ತು, ಅವನಿಗೆ ತಿಳಿದಿರಲಿಲ್ಲ. ಹೆಂಡತಿ ಅದನ್ನು ಎತ್ತಿಕೊಂಡು ಅವನ ಹಿಂದೆಯೇ ನಡೆದಳು.