ನಿಂಬೆಹಣ್ಣಿಟ್ಟ ಬಂದೂಕು

ನಮ್ಮ ಯಜಮಾನರು ಅಣ್ಣಾಸಾಹೇಬರು ಅಪ್ಪಟ ಸಸ್ಯಾಹಾರಿ. ಕೊರಳಲ್ಲಿ ಲಿಂಗ, ಬೆಳಿಗ್ಗೆ ಎದ್ದರೆ ಪೂಜೆ. ಪಕ್ಕದ ಮನೆಯವರು ಮಾಂಸ ಸುಡಲು ಗ್ರಿಲ್ ಹಚ್ಚಿದರೆ ಎದ್ದು ಹೋಗಿ ಕಿಟಕಿ ಮುಚ್ಚುವ ಮನುಷ್ಯ. ಇಂಥವರು ಅಮೆರಿಕದ ಫೋರ್ಟ್ ಮಿಲ್‌ನ ನಮ್ಮ ಗರಾಜಿನಲ್ಲಿ ಕೂತು ಬೇಟೆಗಾರರಿಗೆ ಬಂದೂಕು ಸಜ್ಜು ಮಾಡಿಕೊಡುತ್ತಾರೆ ಎಂದರೆ ಯಾರು ನಂಬುತ್ತಾರೆ? ಕನ್ನಡ ಸಂಘದ ಯುಗಾದಿ ಊಟದಲ್ಲಿ ಸಪ್ನಾ ಅನ್ನುವ ಹುಡುಗಿ, "ಆಂಟಿ, ಅಂಕಲ್ ರಿಟೈರ್ ಆದ್ಮೇಲೆ ಏನ್ ಮಾಡ್ತಿದಾರೆ? ಗಾರ್ಡನಿಂಗಾ?" ಎಂದು ಕೇಳಿದಳು. "ಇಲ್ಲಮ್ಮ, ಬಂದೂಕು" ಎಂದೆ. ಅವಳು ಬಿಸಿಬೇಳೆಬಾತಿನ ಪ್ಲೇಟು ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದಳು.

ನಾನು ನಮ್ರತಾ, ಮೈಸೂರಿನವಳು. ಅವರು ಗೋಕಾಕದ ಕಡೆಯವರು. ಮದುವೆಯಾಗಿ ಮೂವತ್ತೆರಡು ವರ್ಷವಾಯಿತು. ಅವರ 'ಐತಿ' ನನಗೆ ಬರಲಿಲ್ಲ, ನನ್ನ 'ಇದೆ' ಅವರಿಗೆ ಬರಲಿಲ್ಲ. ಅವರದು ಮಾತು ಕಮ್ಮಿ. ನನಗೋ, ಮಾತು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನನ್ನ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮತ್ತೆ ಹೇಳುತ್ತಿದ್ದರು, ಸುಳ್ಳೇನಲ್ಲ.

ಇಪ್ಪತ್ತೆರಡು ವರ್ಷ ಅವರು ರಾಕ್ ಹಿಲ್‌ನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದರು. ಮಗ್ಗದ ಯಂತ್ರಗಳಿಗೆ ಬಿಡಿಭಾಗ ಮಾಡುವ ಕಾರ್ಖಾನೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವರ ಬೆರಳಿಗೆ ಗೊತ್ತಾಗುತ್ತಿತ್ತಂತೆ. 2020ರಲ್ಲಿ ಕಾರ್ಖಾನೆ ಮುಚ್ಚಿತು. ಐವತ್ತೆಂಟನೇ ವಯಸ್ಸಿನಲ್ಲಿ ನಮ್ಮ ಯಜಮಾನರು ಸೋಫಾ ಸೇರಿದರು. ಟಿವಿ ಹಚ್ಚಿರುತ್ತಿದ್ದರು, ನೋಡುತ್ತಿರಲಿಲ್ಲ. ಊಟ ಮಾಡಿ ಎಂದರೆ ಮಾಡುವರು, ಮಲಗಿ ಎಂದರೆ ಮಲಗುವರು. ಆಗಾಗ ಎದ್ದರೆ ನನಗೆ ಇನ್ನೂ ಕಷ್ಟ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ಇವರು ನನ್ನ ಮಿಕ್ಸಿ ಬಿಚ್ಚಿದರು, ಕುಕ್ಕರಿನ ಹಿಡಿ ಬಿಚ್ಚಿದರು, ಕೊನೆಗೆ ಸರಿಯಾಗೇ ಇದ್ದ ವಾಷಿಂಗ್ ಮಷೀನನ್ನೂ ಬಿಚ್ಚಿದರು. ನಾನು ಬಾಯಿ ಮಾಡಿದೆ. ಎದುರು ಮಾತಾಡದೆ ಮತ್ತೆ ಹೋಗಿ ಸೋಫಾದಲ್ಲಿ ಕೂತರು. ಅವರು ತಿರುಗಿ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆ ಎರಡು ವರ್ಷ ನಾನು ನಿಜವಾಗಿ ಹೆದರಿದ್ದೆ.

ಆಮೇಲೆ ಯಾರದೋ ಮಾತು ಕೇಳಿ ಯಾರ್ಕ್ ಎಂಬ ಊರಿನ ಮುದುಕರೊಬ್ಬರ ಅಂಗಡಿಗೆ ಲೇತ್ ಯಂತ್ರದ ರಿಪೇರಿಗೆ ಹೋದರು. ಅದು ಬಂದೂಕಿನ ಅಂಗಡಿ. ಬೆಳಿಗ್ಗೆ ಹೋದವರು ಸಂಜೆಗೆ ಬಂದರು, ಕೈತುಂಬ ಗ್ರೀಸು, ಮುಖದಲ್ಲಿ ಕಳೆ. "ಆ ಹಳೇ ಮಿಲಿಟ್ರಿ ರೈಫಲ್ ಅದಾವಲ್ಲ, ಏನ್ ಕಬ್ಬಿಣ ಅಂತೀ! ಈಗಿನೋರಿಗೆ ಆಗೂದಿಲ್ಲ ಬಿಡು" ಎಂದರು. ಎರಡು ವರ್ಷದಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಸೈನ್ಯಗಳು ಹಳತಾಯಿತೆಂದು ಮಾರಿದ ರೈಫಲ್‌ಗಳು ಈ ದೇಶದಲ್ಲಿ ರಾಶಿ ರಾಶಿ ಇವೆ. ಮೂತಿಯವರೆಗೂ ಮರ ಹೊದ್ದು, ಬಯೋನೆಟ್ ಚೂರಿ ಸಿಕ್ಕಿಸುವ ಕಬ್ಬಿಣ ಹೊತ್ತು, ಹತ್ತು ಪೌಂಡಿನ ಹತ್ತಿರ ತೂಗುವ ದಾಂಡಿಗರು. ಅವುಗಳ ಮುಂದಿನ ಮರ ತೆಗೆದು, ಬೇಡದ ಕಬ್ಬಿಣ ಬಿಚ್ಚಿ, ವಾಲ್ನಟ್ ಮರದಲ್ಲಿ ಹೊಸ ಹಿಡಿ ಕೆತ್ತಿ, ನಳಿಗೆಯ ಬಣ್ಣ ಹೊಸದಾಗಿ ಏರಿಸಿ, ಕಾಡು ಸುತ್ತುವವನು ಹೊರಬಲ್ಲ ಹಗುರ ಬಂದೂಕು ಮಾಡುವುದು ಇವರು ಕಲಿತ ಕೆಲಸ. ಮುದುಕರ ಹತ್ತಿರ ಎರಡು ವರ್ಷ ಕಲಿತರು, ಅರ್ಜಿ ಹಾಕಿ ಫೆಡರಲ್ ಸರ್ಕಾರದ ಲೈಸೆನ್ಸ್ ತೆಗೆದುಕೊಂಡರು, ಗರಾಜಿನಿಂದ ನನ್ನ ಕಾರನ್ನು ಹೊರಗೆ ಹಾಕಿದರು. ಆದರೆ ಲೈಸೆನ್ಸ್ ಗೋಡೆಗೆ ತೂಗು ಹಾಕಿದ ಮಾತ್ರಕ್ಕೆ ಗಿರಾಕಿ ಬರುತ್ತಾರೆಯೇ? ಈ ಕಡೆಯ ಬೇಟೆಗಾರರು ಅಪ್ಪ, ಅಜ್ಜನ ಕಾಲದಿಂದ ಹೋಗುತ್ತಿದ್ದ ಕಡೆಗೇ ಹೋಗುತ್ತಾರೆ. ಒಂದು ವರ್ಷ ಯಾರೂ ಬರಲಿಲ್ಲ. ಇವರು ಮತ್ತೆ ಟಿವಿಯ ಮುಂದೆ ಕೂರುವ ಲಕ್ಷಣ ಕಾಣತೊಡಗಿತು.

2025ರ ಬೇಸಿಗೆಯಲ್ಲಿ ವೆಂಡೆಲ್ ಬಂದರು. ಎಪ್ಪತ್ತಾರು ವರ್ಷದ ಕಪ್ಪು ಜನಾಂಗದ ಹಿರಿಯರು, ಚರ್ಚಿನಲ್ಲಿ ದೊಡ್ಡ ಹೆಸರು, ಎದೆಗೆ ಆಪರೇಷನ್ ಆಗಿತ್ತು. ತೀರಿಕೊಂಡ ತಮ್ಮನಾದ ಕರ್ಟಿಸ್‌ನ ಹಳೆಯ ಮಿಲಿಟರಿ ರೈಫಲ್ ತಂದಿದ್ದರು. ಅಷ್ಟು ಭಾರ ತಮ್ಮಿಂದ ಹೊರಲಾಗದು, ಅಕ್ಟೋಬರ್ ಹನ್ನೊಂದಕ್ಕೆ ಜಿಂಕೆಯ ಬೇಟೆ ಶುರು, ಅಷ್ಟರಲ್ಲಿ ಹಗುರ ಮಾಡಿಕೊಡಬೇಕು ಎಂದರು. "ನೀವು ಚೆನ್ನಾಗಿ ಮಾಡಿದರೆ ನಮ್ಮ ಚರ್ಚಿನವರ ಹತ್ತಿರ ಇಂಥವು ಇನ್ನೂ ಇವೆ" ಎಂದೂ ಹೇಳಿದರು. ಕೆಡಿಸಿದರೆ ಏನೆಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಆ ರೈಫಲ್ ಬಿಚ್ಚಿದ ದಿನ ಇವರು ಗರಾಜಿನಿಂದಲೇ ಕೂಗಿದರು. "ಏ, ಬಾ ಇಲ್ಲಿ! ನಮ್ದು ಐತಿದು! ಇಶಾಪುರದಾಗ ಮಾಡಿದ್ದು!" ಹೌದು, ಕಬ್ಬಿಣದ ಮೇಲೆ ಬಂಗಾಳದ ಇಶಾಪುರ ಕಾರ್ಖಾನೆಯ ಮುದ್ರೆ. ಭಾರತದಲ್ಲಿ ಹುಟ್ಟಿ, ನಮ್ಮಂತೆಯೇ ಸಮುದ್ರ ದಾಟಿ ಬಂದ ಬಂದೂಕು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಕೆಲಸ ಮುಗಿಯಿತು. ನಳಿಗೆಯ ಮೇಲೆ ಕಡು ನೀಲಿ ಹೊಳಪು. ಅದು ಬಳಿಯುವ ಬಣ್ಣವಲ್ಲ. ಬೇಕೆಂದೇ ತೆಳ್ಳಗೆ ತುಕ್ಕು ಹಿಡಿಸಿ, ನೀರಿನಲ್ಲಿ ಕುದಿಸಿ, ಉಕ್ಕಿನ ನಾರಿನಿಂದ ಉಜ್ಜಿ, ಮತ್ತೆ ತುಕ್ಕು ಹಿಡಿಸಿ, ಹೀಗೆ ಎಂಟು ಸಲ ಮಾಡಿದರೆ ಬರುವ ಬಣ್ಣ. ನನ್ನ ರೇಷ್ಮೆ ಸೀರೆಯಲ್ಲೂ ಅಂಥ ನೀಲಿ ಇರಲಿಲ್ಲ.

ಅಕ್ಟೋಬರ್ ಒಂದು ಆಯುಧಪೂಜೆ. ಮಾರನೆಯ ದಿನ ವೆಂಡೆಲ್ ಬಂದು ಬಂದೂಕು ಒಯ್ಯುವುದೆಂದು ಮಾತಾಗಿತ್ತು. ಸಂಜೆ ಇಬ್ಬರೂ ಸೇರಿ ಲೇತಿಗೆ, ಅರಗಳಿಗೆ, ಸುತ್ತಿಗೆಗೆ ಪೂಜೆ ಮಾಡಿದೆವು. ಇವರು ಫೋನ್ ಬಂತೆಂದು ಒಳಗೆ ಹೋದರು. ನನ್ನ ಕಣ್ಣು ಬಂದೂಕಿನ ಮೇಲೆ ಬಿತ್ತು. ಅಯ್ಯೋ ಪಾಪ, ತವರಿನ ವಸ್ತು, ಇದಕ್ಕೆ ಬರೀ ಒಂದು ಹೂವೇ ಅನ್ನಿಸಿತು. ನಮ್ಮಪ್ಪ ಮೈಸೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಆಯುಧಪೂಜೆಯ ದಿನ ಒಂದೊಂದು ಚಕ್ರಕ್ಕೂ ನಿಂಬೆಹಣ್ಣು ಇಡದೆ ಬಸ್ಸು ಕದಲುತ್ತಿರಲಿಲ್ಲ. ನಾನು ಅಡುಗೆಮನೆಯಿಂದ ಮೂರು ನಿಂಬೆಹಣ್ಣು ತಂದೆ. ಹೋಳು ಮಾಡಿ ಕುಂಕುಮ ಹಚ್ಚಿ, ನಳಿಗೆಯ ಉದ್ದಕ್ಕೂ ಐದು ಹೋಳು ಬೋರಲು ಕೂರಿಸಿದೆ. ಆರನೆಯದಕ್ಕೆ ಜಾಗವಿರಲಿಲ್ಲ. ಇವರು ಬಾಗಿಲಿನಲ್ಲೇ ನಿಂತು ಮಂಗಳಾರತಿ ತೆಗೆದುಕೊಂಡು, ಕಣ್ಣು ಮುಚ್ಚಿ ಕೈಮುಗಿದು, ಬೀಗ ಹಾಕಿದರು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟಬಾರದು. ಆ ವಿಷಯದಲ್ಲಿ ಅವರು ನನಗಿಂತ ಕಟ್ಟುನಿಟ್ಟು.

ವಿಜಯದಶಮಿಯ ಬೆಳಿಗ್ಗೆ ಬೀಗ ತೆಗೆದವರು ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ಕಾಫಿ ಹಿಡಿದುಕೊಂಡು ನಾನೇ ಹೋದೆ. ಹೋಳುಗಳನ್ನು ತೆಗೆದು ಸಾಲಾಗಿ ಇಟ್ಟಿದ್ದರು. ಆ ನೀಲಿ ಹೊಳಪಿನ ಮೇಲೆ ಐದು ಬಿಳಿಚಿದ ಉಂಗುರಗಳು, ಅಂಚಿಗೆ ಕೆಂಪು ತುಕ್ಕು.

ಡರ್ಹಮ್‌ನಲ್ಲಿ ಲ್ಯಾಬ್ ಕೆಲಸ ಮಾಡುವ ಮಗಳು ಹರಿಣಿಗೆ ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು. "ಅಮ್ಮಾ! ಲೆಮನ್ ಈಸ್ ಆಸಿಡ್! ಯು ಪುಟ್ ಆಸಿಡ್ ಆನ್ ಇಟ್ ಆಲ್ ನೈಟ್!"

"ದೇವರಿಗಿಟ್ಟಿದ್ದು ಕಣೇ!"

"ಕಬ್ಬಿಣಕ್ಕೆ ಗೊತ್ತಾಗಲ್ಲ, ಅಮ್ಮಾ."

ನಾನು ಅಳುತ್ತ ಗರಾಜಿಗೆ ಬಂದರೆ ಇವರು ವೆಂಡೆಲ್‌ಗೆ ಫೋನ್ ಮಾಡುತ್ತಿದ್ದರು. ಬಣ್ಣ ಕೆಟ್ಟಿದೆ, ನನ್ನ ತಪ್ಪು, ಹತ್ತನೇ ತಾರೀಖು ಸಂಜೆಯವರೆಗೆ ಸಮಯ ಕೊಡಿ ಎಂದು ಇಂಗ್ಲಿಷಿನಲ್ಲಿ ಹೇಳಿ ಇಟ್ಟರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ನಿಮ್ಮ ತಪ್ಪು ಅಂತ ಯಾಕ್ರೀ ಹೇಳಿದ್ರಿ? ಇಟ್ಟೋಳು ನಾನು! ಬೈರಿ ನನ್ನ!"

"ಬೀಗ ಹಾಕಿದಾಂವ ನಾನು. ನೋಡಿ ಹಾಕಬೇಕಿತ್ತು" ಎಂದರು. "ಬೈದ್ರ ಬಣ್ಣ ಬರತೈತೇನು? ಸೆರಗು ಸಿಗಸ್ಕೊ, ಉಜ್ಜಾಕ ಬಾ."

ಎಂಟು ದಿನ ಉಜ್ಜಿದೆ. ಇವರು ನಳಿಗೆಯ ಬಣ್ಣವನ್ನೆಲ್ಲ ಕೆರೆದು ಬೆಳ್ಳಗೆ ಮಾಡಿ ಮೊದಲಿನಿಂದ ಶುರು ಮಾಡಿದರು. ದಿನಕ್ಕೊಂದು ಸಲ ಔಷಧಿ ಸವರಿ, ಒದ್ದೆ ಹವೆ ತುಂಬಿದ ಪೆಟ್ಟಿಗೆಯಲ್ಲಿ ತುಕ್ಕು ಹಿಡಿಸಿ, ಉದ್ದನೆಯ ತಗಡಿನ ತೊಟ್ಟಿಯಲ್ಲಿ ಕುದಿಸುವುದು. ಅದು ಆರಿದ ಮೇಲೆ ನಾನು ಉಕ್ಕಿನ ನಾರು ಹಿಡಿದು ತಿಕ್ಕುವುದು. "ಹಗೂರಕ್ಕ, ಇದೇನ್ ನಿನ್ನ ದ್ವಾಸಿ ತವಾ ಅಲ್ಲ" ಎಂದು ಒಂದೇ ಸಮನೆ ಹೇಳುತ್ತಿದ್ದರು. ಐದನೇ ದಿನಕ್ಕೂ ಮೂರನೇ ಉಂಗುರದ ನೆರಳು ಕಾಣುತ್ತಲೇ ಇತ್ತು. ಆ ದಿನ ಅವರು ಊಟ ಅರ್ಧಕ್ಕೆ ಬಿಟ್ಟು ಎದ್ದರು. ಸೋಫಾದ ಹತ್ತಿರ ಹೋಗಿ ನಿಂತರು. ಕೂರಬೇಡಿ, ದೇವರೇ, ಅಲ್ಲಿ ಮಾತ್ರ ಕೂರಬೇಡಿ ಎಂದು ನಾನು ಅಡುಗೆಮನೆಯಲ್ಲಿ ಕೈಮುಗಿದೆ. ಕೂರಲಿಲ್ಲ. ಕನ್ನಡಕ ತೆಗೆದುಕೊಂಡು ಮತ್ತೆ ಗರಾಜಿಗೆ ಹೋದರು.

ಹತ್ತನೇ ತಾರೀಖು, ಶುಕ್ರವಾರ ಸಂಜೆ, ವೆಂಡೆಲ್ ಬಂದರು. ಕಿಟಕಿಯ ಬೆಳಕಿಗೆ ಹಿಡಿದು ನಳಿಗೆಯನ್ನು ತುದಿಯಿಂದ ತುದಿಗೆ ತಿರುಗಿಸಿ ತಿರುಗಿಸಿ ನೋಡಿದರು.

"ಚೆನ್ನಾಗಿದೆ" ಎಂದರು. "ಆದರೆ ಅವತ್ತು ಏನಾಗಿತ್ತು?"

ಇವರು ಔಷಧಿ, ಹವೆ ಎಂದು ಏನೋ ಗೊಣಗಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲ, ಕಿವಿ ಕೆಂಪಾಗಿತ್ತು. ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. ನಾನೇ ಮಾಡಿದ್ದು ಎಂದು ಶುರುಮಾಡಿ ಪೂಜೆ, ಕುಂಕುಮ, ನಿಂಬೆಹಣ್ಣು, ಬೀಗ, ಎಲ್ಲ ಹೇಳಿಬಿಟ್ಟೆ. ವೆಂಡೆಲ್ ನನ್ನನ್ನೇ ನೋಡುತ್ತ ನಿಂತರು. ಮುಗಿಯಿತು ಕಥೆ, ಚರ್ಚಿನಲ್ಲೆಲ್ಲ ಸುದ್ದಿಯಾಗುತ್ತದೆ ಎಂದುಕೊಂಡೆ.

"ಪೂಜೆ ಮಾಡುವಾಗ ಏನು ಕೇಳಿಕೊಳ್ಳುತ್ತೀರಿ?" ಎಂದರು.

ನನಗೆ ಮಂತ್ರ ಎಲ್ಲಿ ಬರುತ್ತದೆ? ಡಿಪೋದಲ್ಲಿ ನಮ್ಮಪ್ಪ ಹೇಳುತ್ತಿದ್ದದ್ದನ್ನೇ ನಾನೂ ಹೇಳುವುದು. "ಹೋದೋರು ಹೋದ ಹಾಗೇ ಮನೆಗೆ ಬರಲಿ" ಎಂದು ಕನ್ನಡದಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಅರ್ಥ ಹೇಳಿದೆ. ವೆಂಡೆಲ್ ಬಂದೂಕನ್ನು ಚೀಲಕ್ಕೆ ಹಾಕಿಕೊಂಡು, ಟೋಪಿ ಮುಟ್ಟಿ ಹೊರಟುಹೋದರು.

ಮರುದಿನ ಶನಿವಾರ ಇವರು ಗರಾಜಿಗೆ ಹೋಗಲೇ ಇಲ್ಲ. ಮಾಡಲು ಕೆಲಸವಾದರೂ ಏನಿತ್ತು? "ನಾ ತಪ್ಪ ಔಷಧಿ ಮ್ಯಾಲೆ ಹಾಕಿದ್ದೆ, ನೀ ಎಲ್ಲಾ ಬಿಚ್ಚಿಟ್ಟಿ" ಎಂದರು, ಸಿಟ್ಟಿಲ್ಲದೆ. ಮಧ್ಯಾಹ್ನ ಸೋಫಾದಲ್ಲಿ ಕೂತರು. ಟಿವಿ ಹಚ್ಚಿದರು. ನಾನು ನನ್ನ ನಾಲಿಗೆಗೆ ಶಾಪ ಹಾಕುತ್ತ ಸೊಪ್ಪು ಬಿಡಿಸುತ್ತಿದ್ದೆ.

ನಾಲ್ಕು ಗಂಟೆಗೆ ಹೊರಗೆ ಟ್ರಕ್ಕಿನ ಸದ್ದು. ಕಿತ್ತಳೆ ಬಣ್ಣದ ಬೇಟೆಯ ಅಂಗಿಯಲ್ಲೇ ವೆಂಡೆಲ್ ನಿಂತಿದ್ದರು. ಇವರು ಬರಿಗಾಲಿನಲ್ಲೇ ಓಡಿದರು.

"ರೈಫಲ್‌ಗೆ ಏನಾಯಿತು?"

"ಏನೂ ಆಗಿಲ್ಲ. ಜಿಂಕೆಯೂ ಕಾಣಲಿಲ್ಲ." ವೆಂಡೆಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಾನೂ ಕರ್ಟಿಸೂ ಒಂದೇ ಮನೆಯಲ್ಲಿದ್ದೆವು. ಕಾಡಿನಿಂದ ಬಂದವನು ಇನ್ನೊಬ್ಬನಿಗೆ 'ಬಂದೆ' ಅಂತ ಹೇಳುವುದು ನಮ್ಮ ರೂಢಿ. ಅವನು ಕೋವಿಡ್‌ನಲ್ಲಿ ಹೋದಮೇಲೆ ಹೇಳುವುದಕ್ಕೆ ಯಾರೂ ಇರಲಿಲ್ಲ. ನಿನ್ನೆ ನಿಮ್ಮ ಹೆಂಡತಿ ನಾನು ಮನೆಗೆ ಬರಲಿ ಅಂದರು. ಅದಕ್ಕೇ, 'ಬಂದೆ' ಅಂತ ಹೇಳಲು ಬಂದೆ."

ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ. ಇವರು ಏನು ಮಾಡಬೇಕೆಂದು ತೋಚದೆ ನನ್ನ ಮುಖ, ಅವರ ಮುಖ ನೋಡಿದರು. ವೆಂಡೆಲ್ ಕೆಮ್ಮಿ ಟ್ರಕ್ಕಿನ ಹಿಂದಿನ ಬಾಗಿಲು ತೆಗೆದರು. ಕಂಬಳಿಯಲ್ಲಿ ಸುತ್ತಿದ ಎರಡು ಹಳೆಯ ಮಿಲಿಟರಿ ರೈಫಲ್‌ಗಳು. ಚರ್ಚಿನ ಇಬ್ಬರು ಗೆಳೆಯರದಂತೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದೊಳಗೆ ಬೇಕಂತೆ. ತಪ್ಪನ್ನು ಫೋನ್ ಮಾಡಿ ತಾನಾಗೇ ಹೇಳುವ ಕೆಲಸಗಾರ ಎಂದು ವೆಂಡೆಲ್ ಅವರಿಗೆ ಹೇಳಿದ್ದರಂತೆ.

ಇವರು ಒಂದನ್ನು ಎತ್ತಿ, ಕಂಬಳಿ ಸರಿಸಿ, ನಳಿಗೆಯ ಮೇಲೆ ಬೆರಳಾಡಿಸಿದರು. ಆ ಬೆರಳು ಆಡುವುದನ್ನು ನೋಡಿ ನನಗೆ ಜೀವ ಬಂದಂತಾಯಿತು. ರೈಫಲ್‌ಗಳನ್ನು ಒಳಗಿಟ್ಟು, ರಿಜಿಸ್ಟರಿನಲ್ಲಿ ಬರೆದುಕೊಂಡು ಬರುವಷ್ಟರಲ್ಲಿ ವೆಂಡೆಲ್ ಟ್ರಕ್ ಹತ್ತಿ ಕೂತಿದ್ದರು. ಮಾತು ಕಮ್ಮಿಯ ನಮ್ಮ ಯಜಮಾನರು ಟ್ರಕ್ಕಿನ ಕಿಟಕಿಯ ಹತ್ತಿರ ಹೋದರು.

"ಮುಂದಿನ ಶನಿವಾರ ಕಾಡಿಗೆ ಹೋಗುತ್ತೀರಾ?" ಎಂದು ಕೇಳಿದರು.

"ಹೋಗುತ್ತೇನೆ."

"ಹಾಗಾದರೆ ಬಂದು ಹೇಳಿ" ಎಂದರು. "ನಾವು ಮನೆಯಲ್ಲೇ ಇರುತ್ತೇವೆ."