ಹೊಗೆ ಕಾಣದ ಅಡಿಗೆಮನೆ ಮತ್ತು ಆಂಪಿಯರ್ ಲೆಕ್ಕ

ಐವತ್ತರ ದಶಕದ ಕೊನೆ. ಯಜಮಾನರಿಗೆ ಕೊಚ್ಚಿಯಿಂದ ತಿರುವನಂತಪುರದ ಕಚೇರಿಗೆ ವರ್ಗವಾದಾಗ ನಾನು ತುಂಬಿದ ಬಸುರಿ. ಬಾಡಿಗೆಗೆ ಸಿಕ್ಕಿದ ಮನೆಯಲ್ಲಿ ಕೆಳಗೆ ನಾವು; ಮೇಲೆ ಮನೆಯೊಡತಿ ಮತ್ತು ನಿವೃತ್ತನಾಗಿದ್ದ ಅವಳ ಗಂಡ. ಸಂಜೆ ದೀಪ ಹಾಕುವ ಹೊತ್ತಿಗೆ ಬಲ್ಬುಗಳು ಕೆಂಪಗೆ ಮಂಕಾಗುತ್ತಿದ್ದವು. ಕೆಲವು ದಿನ ಫ್ಯೂಸ್ ಹಾರಿ ಎರಡು ಮನೆಯೂ ಕತ್ತಲೆ. ಎಲ್ಲಕ್ಕೂ ನಾನೇ ಕಾರಣವೆಂದು ಆಕೆಯ ಗುಮಾನಿ.

ನನ್ನ ಅಡಿಗೆಮನೆಯಿಂದ ಹೊಗೆ ಬರುತ್ತಿರಲಿಲ್ಲ, ಅದಕ್ಕೆ. ಕೊಚ್ಚಿಯಲ್ಲಿ ಮರದ ಮಿಲ್ಲಿನ ಹುಡಿಯನ್ನು ತಗಡಿನ ಒಲೆಗೆ ಜಡಿದು ತುಂಬಿ ಉರಿಸಲು ಕಲಿತಿದ್ದೆ. ಒಮ್ಮೆ ಬೆಂಕಿ ಹಿಡಿದರೆ ಹೊಗೆಯಿಲ್ಲ. ತೆಂಗಿನ ಮಡಲು ಉರಿಸುವ ಆಕೆ, ಇವರು ಕದ್ದು ಕರೆಂಟಿನ ಒಲೆ ಇಟ್ಟಿದ್ದಾರೆಂದೇ ತೀರ್ಮಾನಿಸಿದಳು. ನೋಡಲು ಬಂದಳು. ನಾನು ಮಡಿಯಲ್ಲಿದ್ದೆ, ಹೊಸ್ತಿಲಲ್ಲೇ ತಡೆದೆ. ಅಲ್ಲಿಗೆ ಆಕೆಯ ಗುಮಾನಿ ಗಟ್ಟಿಯಾಯಿತು.

"ಒಲೆ ತೋರಿಸು, ಇಲ್ಲವಾದರೆ ಮನೆ ಬಿಡು ಮೋಳೇ" ಎಂದು ಮಲಯಾಳದಲ್ಲಿ ಹೇಳಿ ಹೋದಳು. ಮಗಳೇ ಎಂದು ಕರೆದೇ ಹೊರಗೆ ಹಾಕುವ ಬಾಯಿ.

"ಒಮ್ಮೆ ತೋರಿಸಿಬಿಡು ಮಾರಾಯ್ತಿ. ಈ ಹೊಟ್ಟೆ ಹೊತ್ತುಕೊಂಡು ಬೇರೆ ಮನೆ ಎಲ್ಲಿ ಹುಡುಕುವುದು?" ಎಂದರು ಯಜಮಾನರು.

"ಇವತ್ತು ಒಲೆ ನೋಡ್ತಾಳೆ, ನಾಳೆ ಪಾತ್ರೆ ಮುಚ್ಚಳ ತೆಗೀತಾಳೆ. ಕರೆಂಟು ಅಳೆಯುವ ದಾರಿ ಉಂಟಲ್ಲ, ಅಳೆಯಲಿ" ಎಂದೆ.

ಆಕೆಯ ತಮ್ಮ ಕಾಲೇಜಿನಲ್ಲಿ ವಿಜ್ಞಾನ ಕಲಿಸುವವನು. ಒಂದು ಸಂಜೆ ಮೀಟರುಗಳನ್ನು ಹಿಡಿದು ಬಂದ. ಫ್ಯೂಸ್ ಕಿತ್ತು ಆ ಜಾಗಕ್ಕೆ ಆಂಪಿಯರ್ ಅಳೆಯುವುದನ್ನು ಸಿಕ್ಕಿಸಿ, ವೋಲ್ಟಿನದನ್ನು ಪಕ್ಕದಲ್ಲಿ ಜೋಡಿಸಿದ. ಅಕ್ಕನ ಕಡೆಯವನು, ಲೆಕ್ಕವೂ ಅಕ್ಕನ ಕಡೆಗೇ ವಾಲಬಹುದೆಂದು ನಾನು ಪಕ್ಕದಲ್ಲೇ ನಿಂತೆ.

ಮೇಲಿನವರ ಸ್ವಿಚ್ಚೆಲ್ಲ ಆರಿಸಿ ನಮ್ಮ ಮೂರು ಬಲ್ಬು ಮಾತ್ರ ಹಾಕಿಸಿದ. "ಇನ್ನೂರಿಪ್ಪತ್ತು ವೋಲ್ಟು, ಅರ್ಧ ಆಂಪಿಯರ್. ಗುಣಿಸಿದರೆ ನೂರಹತ್ತು ವಾಟ್. ಮೂರು ಬಲ್ಬಿಗೆ ಸರಿಹೋಯಿತು ಚೇಚೀ" ಎಂದು ಅಕ್ಕನಿಗೆ ಹೇಳಿದ.

"ಒಲೆ ಆರಿಸಿರ್ತಾಳೆ" ಎಂದಳು ಅಕ್ಕ.

"ಹಾಗಾದರೆ ನಮ್ಮದು ಪೂರ್ತಿ ಆರಿಸಿ, ನಿಮ್ಮದು ಅಳೆಯಿರಿ" ಎಂದೆ. ಅವನು ಹಾಗೇ ಮಾಡಿದ. ಮೇಲೆ ದೀಪವೊಂದೂ ಇಲ್ಲ. ಸ್ವಲ್ಪ ಹೊತ್ತು ಆಂಪಿಯರ್ ಮುಳ್ಳು ಅಲ್ಲಾಡಲಿಲ್ಲ. ಆಮೇಲೆ ಒಮ್ಮೆಲೇ ನಾಲ್ಕಕ್ಕೆ ಹಾರಿತು. ವೋಲ್ಟು ಇನ್ನೂರಕ್ಕೆ ಇಳಿಯಿತು.

ಅವನು ಗೋಡೆಯ ಮೇಲೇ ಬರೆದ. "ಇನ್ನೂರನ್ನು ನಾಲ್ಕರಿಂದ ಭಾಗಿಸಿದರೆ ಐವತ್ತು ಓಮ್, ಅದು ತಡೆ. ಗುಣಿಸಿದರೆ ಎಂಟುನೂರು ವಾಟ್. ಕೆಳಗಿನವರ ಮೂರು ಬಲ್ಬಿನ ತಡೆ ನಾನೂರನಲವತ್ತು ಇತ್ತು. ತಡೆ ಇಷ್ಟು ಕಡಿಮೆಯೆಂದರೆ ಬಲ್ಬಲ್ಲ, ಕಾಯಿಸುವ ಕಾಯಿಲ್."

ಭಾಗಾಕಾರ ನನಗೆ ತಿಳಿಯಲಿಲ್ಲ. ಮೇಲಿನಿಂದ ಕಾಪಿಯ ವಾಸನೆ ಬಂದದ್ದು ತಿಳಿಯಿತು.

ಆಕೆ ಮೆಟ್ಟಿಲ ಬುಡಕ್ಕೆ ನಡೆದಳು. "ನಿಮ್ಮ ಕೋಣೆಯಲ್ಲಿ ಎಂಥದು?" ಎಂದು ಕೂಗಿದಳು. ಮುಳ್ಳು ಸೊನ್ನೆಗೆ ಬಿತ್ತು. ಗಂಡನಿಗೆ ಡಾಕ್ಟರರು ಕಾಪಿ ನಿಲ್ಲಿಸಿದ್ದರಂತೆ. ಮಂಚದ ಕೆಳಗೆ ಕರೆಂಟಿನ ಒಲೆ ಇಟ್ಟುಕೊಂಡಿದ್ದ ಮುದುಕ.

ನನಗೆ ನಗು ಬರಲಿಲ್ಲ. "ಮನೆ ಬಿಡಬೇಕಾ?" ಎಂದು ಕೇಳಿದೆ.

"ಯಾರು ಬಿಡಿ ಅಂದದ್ದು?" ಎಂದಳು.

"ನೀವೇ. ಹೆರಿಗೆ ಇಲ್ಲೇ ಆಗಲಿ ಅಂತ ತಮ್ಮನ ಎದುರೇ ಹೇಳಿ."

ಹೇಳಿದಳು, ಗೋಡೆ ನೋಡುತ್ತಾ. ಅದೇ ಮನೆಯಲ್ಲಿ ಹೆತ್ತೆ. ಬಾಣಂತಿ ಕೋಣೆಗೂ ಆಕೆ ಎರಡು ಸಲ ಇಣುಕಿದಳು. ಮಗು ನೋಡಲೋ, ಪ್ಲಗ್ ನೋಡಲೋ ಗೊತ್ತಿಲ್ಲ.